ಒಟ್ಟು ತೂಕ ಸಾವಿರದ ಇನ್ನೂರು

ಪೇಟೆಯವರು ಅವರಿಗೆ ಇಟ್ಟ ಹೆಸರು ಗುಲಗಂಜಿ ಸಾಹೇಬರು. ಹೆತ್ತವರು ಇಟ್ಟ ಹೆಸರು ಪಿಂಚಣಿ ಪುಸ್ತಕದಲ್ಲಿ ಸುಖವಾಗಿ ನಿದ್ದೆ ಮಾಡುತ್ತಿದೆ. ಅದನ್ನು ಎಬ್ಬಿಸುವ ಅಗತ್ಯವಿಲ್ಲ. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಇನ್‌ಸ್ಪೆಕ್ಟರ್ ಆಗಿದ್ದರು. ಒಂದು ಗುಲಗಂಜಿಯಷ್ಟು ತೂಕ ಕಡಿಮೆ ಬಿದ್ದರೂ ಬಿಡುತ್ತಿರಲಿಲ್ಲವಾದ್ದರಿಂದ ಆ ಬಿರುದು. ಅವರ ಸೈಕಲ್ಲಿನ ಗಂಟೆ ಬೀದಿಯ ತುದಿಯಲ್ಲಿ ಕೇಳಿಸಿದರೆ ಸಾಕು, ಸಾಲು ಅಂಗಡಿಗಳ ತಕ್ಕಡಿಗಳೆಲ್ಲ ತಮ್ಮಷ್ಟಕ್ಕೆ ತಾವೇ ಸಮವಾಗಿ ನಿಲ್ಲುತ್ತಿದ್ದವು ಎನ್ನುತ್ತಾರೆ. ತಟ್ಟೆಯ ಅಡಿಗೆ ಮೇಣ ಮೆತ್ತಿದವರು, ಲೀಟರಿನ ಪಾತ್ರೆಯ ತಳವನ್ನು ಒಳಕ್ಕೆ ತಟ್ಟಿದವರು, ಬಟ್ಟೆ ಅಳೆಯುವ ಮೀಟರಿನ ತುದಿಯನ್ನು ಅಂಗುಲದಷ್ಟು ಕೊಯ್ದವರು, ಎಲ್ಲರೂ ಅವರ ಕೈಗೆ ಸಿಕ್ಕವರೇ.

ಹೂಡಿದ ಕೇಸುಗಳು ನಾನೂರ ಹನ್ನೆರಡು. ಬಿದ್ದ ಕೇಸುಗಳು ಸೊನ್ನೆ. ರಾಜರು ಗೆದ್ದದ್ದನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರೆ. ಸಾಹೇಬರು ಹಸಿರು ಬಟ್ಟೆಯ ರಟ್ಟಿನ ಒಂದು ದಫ್ತರದಲ್ಲಿ, ನೀಲಿ ಶಾಯಿಯಲ್ಲಿ, ಒಂದರಿಂದ ನಾನೂರ ಹನ್ನೆರಡರವರೆಗೆ ಬರೆದಿಟ್ಟಿದ್ದರು. ಮನೆಗೆ ಬಂದವರಿಗೆ ನೀರು ಕೊಡುವ ಮೊದಲು ದಫ್ತರ ಕೊಡುತ್ತಿದ್ದರು.

ನಿವೃತ್ತರಾಗಿ ಏಳು ವರ್ಷವಾಗಿತ್ತು. ಹುಲಿಗೆ ವಯಸ್ಸಾದರೂ ಪಟ್ಟೆ ಮಾಸೀತೇ? ಬ್ರೆಡ್ಡಿನ ಪೊಟ್ಟಣ ಬಂದರೆ ತೂಗುವರು. ಹಾಲು ಬಂದರೆ ಅಳೆಯುವರು. ಟೂತ್‌ಪೇಸ್ಟಿನ ಕೊಳವೆಯನ್ನು ಒಮ್ಮೆ ಪೂರ್ತಿ ಹಿಂಡಿ ತೂಗಿ, ಮತ್ತೆ ಒಳಗೆ ತುಂಬಲು ಹೋಗಿ, ಮೂರು ದಿನ ಇಬ್ಬರೂ ಬಟ್ಟಲಿನಿಂದ ಪೇಸ್ಟು ಬಳಿದುಕೊಂಡು ಹಲ್ಲುಜ್ಜಿದರು.

"ಮನೇಲಿ ಕಳ್ಳರಿಲ್ಲ ಕಣ್ರೀ. ಇರೋರು ನಾವಿಬ್ಬರೇ. ಸ್ವಲ್ಪ ಸುಮ್ನೆ ಕೂತ್ಕೊಳ್ಳಿ" ಎಂದು ಅವರ ಹೆಂಡತಿ ಎಷ್ಟೋ ಸಲ ಹೇಳಿದ್ದರು.

ಹೆಂಡತಿ ಶಾಲೆಯಲ್ಲಿ ಟೀಚರಾಗಿದ್ದವರು. ಅವರಿಗೆ ಸುಮ್ಮನೆ ಕೂರುವ ಕಷ್ಟ ಇರಲಿಲ್ಲ, ಯಾಕೆಂದರೆ ಅವರು ಕೂತು ಮಾಡುವ ಕೆಲಸವನ್ನೇ ಹುಡುಕಿಕೊಂಡಿದ್ದರು. ದಿನಾ ಮಧ್ಯಾಹ್ನ ಮೂರು ಗಂಟೆಗೆ, ಕಣ್ಣು ಕಾಣದ ಹದಿನೆಂಟು ಜನರಿಗೆ ಕಾದಂಬರಿ ಓದಿ ಹೇಳುವುದು. ಕೇಳುವವರು ಅವರವರ ಮನೆಯಲ್ಲಿ. ಇವರು ಇಲ್ಲಿ, ಹಿಂದಿನ ಮಲಗುವ ಕೋಣೆಯಲ್ಲಿ, ಬೀದಿಯ ಗಲಾಟೆ ತಟ್ಟದ ಜಾಗದಲ್ಲಿ, ದಿಂಬಿಗೆ ಒರಗಿಸಿದ ಟ್ಯಾಬ್ಲೆಟ್ಟಿನ ಮುಂದೆ. ಅದಕ್ಕಾಗಿಯೇ ಮನೆಗೆ ಇಂಟರ್ನೆಟ್ಟಿನ ತಂತಿ ಬಂತು. ತಂತಿಯ ತುದಿಗೆ ವೈಫೈ ಪೆಟ್ಟಿಗೆ ಬೇಕೆಂದು ಸಾಹೇಬರು ಮೂಲೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರು.

ಅಲ್ಲಿ ಅವರು ಪೆಟ್ಟಿಗೆಯನ್ನು ಆರಿಸಿದ್ದು ಅಂಕಿ ನೋಡಿ. ನಾಲ್ಕು ಕೊಂಬಿನ ಒಂದು ಕರಿಯ ಪೆಟ್ಟಿಗೆ; ಅದರ ರಟ್ಟಿನ ಡಬ್ಬದ ಮೇಲೆ, ಬೀದಿಯ ಆಚೆಯಿಂದಲೂ ಓದಬಹುದಾದಷ್ಟು ದೊಡ್ಡದಾಗಿ, ಕೆಂಪು ಬಣ್ಣದಲ್ಲಿ ೧೨೦೦. ಸೆಕೆಂಡಿಗೆ ಸಾವಿರದ ಇನ್ನೂರು ಮೆಗಾಬಿಟ್. ಮೆಗಾಬಿಟ್ ಎಂದರೆ ಏನೆಂದು ಸಾಹೇಬರಿಗೆ ತಿಳಿಯದು. ಆದರೆ ಪೊಟ್ಟಣದ ಮೇಲೆ ಬರೆದ ಅಂಕಿಯೆಂದರೆ ಏನೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಪೇಟೆಯಲ್ಲಿ ಹುಟ್ಟಿರಲಿಲ್ಲ. ಅದು ವ್ಯಾಪಾರಿ ಕೊಟ್ಟ ಮಾತು.

ತಂತಿ ಎಳೆಯಲು ಬಂದ ಕಂಪನಿಯವನು ಪೆಟ್ಟಿಗೆಯನ್ನು ಮುಂದಿನ ಕೋಣೆಯ ಪುಸ್ತಕದ ಹಲಗೆಯ ಮೇಲೆ ಇಟ್ಟು, ದೀಪ ಹತ್ತಿಸಿ, ಸಹಿ ಹಾಕಿಸಿಕೊಂಡು ಹೋದ. ಅವನು ಗೇಟು ದಾಟಿದ್ದೇ ತಡ, ಸಾಹೇಬರ ಮನಸ್ಸು ಕಸಿವಿಸಿಗೊಂಡಿತು. ಇಷ್ಟು ಸೂಕ್ಷ್ಮದ ಯಂತ್ರ ಹೀಗೆ ಬಯಲಲ್ಲಿ? ಇಲಾಖೆಗೆ ಸೇರಿದ ಮೊದಲ ದಿನವೇ ಅವರಿಗೆ ಬಾಯಿಪಾಠ ಮಾಡಿಸಿದ ಪಾಠ ಇದು: ಪ್ರಮಾಣದ ಸಾಧನವನ್ನು ಧೂಳು, ಗಾಳಿ, ತೇವ, ಪರರ ಕೈ, ಈ ನಾಲ್ಕರಿಂದ ಕಾಪಾಡು. ಮೂವತ್ತಮೂರು ವರ್ಷ ಅವರ ಹಿತ್ತಾಳೆಯ ಪ್ರಮಾಣದ ತೂಕದ ಬಟ್ಟುಗಳು ಮಲಗಿದ್ದು ಒಂದು ಕಬ್ಬಿಣದ ಅಲ್ಮೇರಾದಲ್ಲಿ. ಇಲಾಖೆಯವರು ಹಳೆಯ ಸಾಮಾನು ಹರಾಜು ಹಾಕಿದಾಗ ಆ ಅಲ್ಮೇರಾವನ್ನು ಅವರೇ ಕೊಂಡು ತಂದಿದ್ದರು. ಅದು ಅದೇ ಕೋಣೆಯ ಮೂಲೆಯಲ್ಲಿ, ಎರಡು ಬಾಗಿಲು ಮುಚ್ಚಿಕೊಂಡು, ಪಹರೆಯವನ ಹಾಗೆ ನಿಂತಿತ್ತು.

ಸಾಹೇಬರು ಅದರ ಬೆನ್ನಿಗೆ ತಂತಿ ನುಗ್ಗುವಷ್ಟು ತೂತು ಕೊರೆದರು. ವೈಫೈ ಪೆಟ್ಟಿಗೆಯನ್ನು ಮಧ್ಯದ ಅರೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ ಕೂರಿಸಿದರು. ಬಾಗಿಲು ಮುಚ್ಚಿ ಬೀಗ ಹಾಕಿ, ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡರು. ಈ ಸಂಗತಿಯನ್ನು ಓದುವವರು ನೆನಪಿನ ಒಂದು ಮೂಲೆಯಲ್ಲಿ ಇಟ್ಟುಕೊಂಡಿರಲಿ. ಸಾಹೇಬರು ಅಲ್ಮೇರಾವನ್ನು ಹೇಗೆ ಪ್ರತಿದಿನ ನೋಡುತ್ತಲೇ ಮರೆತರೋ, ನಾವು ಹಾಗೆ ಮರೆಯಬಾರದು.

ಓದು ಶುರುವಾಯಿತು. ಮೊದಲ ವಾರದಲ್ಲೇ ಕಾದಂಬರಿ ಕೋಟೆಯ ಮುತ್ತಿಗೆಯವರೆಗೆ ಬಂತು. ಟೀಚರು ಧ್ವನಿ ಏರಿಸಿ, "ಬಾಗಿಲು ಮುರಿದು ಒಳನುಗ್ಗಿದ ಸೇನಾಪತಿ ಕತ್ತಿಯನ್ನು ಎತ್ತಿ…" ಎಂದು ಓದಿದರು. ಅಲ್ಲಿಗೆ ಹದಿನೆಂಟು ಮನೆಗಳಲ್ಲಿ ನಿಶ್ಶಬ್ದ. ಟೀಚರಿಗೆ ಅದು ಗೊತ್ತಿಲ್ಲ. ಅವರು ಕಣ್ಣು ಪುಸ್ತಕದಲ್ಲಿಟ್ಟು ಓದುತ್ತಲೇ ಇದ್ದರು. ನಾಲ್ಕು ನಿಮಿಷದ ಮೇಲೆ ಅವರ ಧ್ವನಿ ಮತ್ತೆ ಹುಟ್ಟಿದಾಗ ಕೇಳಿದ್ದು: "…ಎನ್ನುತ್ತಾ ಇಬ್ಬರೂ ನಗುನಗುತ್ತಾ ಊಟಕ್ಕೆ ಕುಳಿತರು."

ಇಬ್ಬರು ಯಾರು? ಕತ್ತಿ ಯಾರ ಮೇಲೆ ಇಳಿಯಿತು? ಕೇಳುಗರಲ್ಲಿ ಎರಡು ಪಕ್ಷವಾಯಿತು. ಕೇಳುಗರಲ್ಲಿ ಒಬ್ಬರಾದ ನಿವೃತ್ತ ಪೋಸ್ಟ್‌ಮನ್ ಫೋನು ಮಾಡಿ, "ಮೇಡಂ, ರಾಜ ಸತ್ತಿದ್ದಾನೆ ಅಂತ ನಾನು, ಇಲ್ಲ ಅಂತ ನನ್ನ ತಂಗಿ. ಎರಡು ದಿನದಿಂದ ಮಾತು ಬಿಟ್ಟಿದ್ದೀವಿ. ದಯವಿಟ್ಟು ತೀರ್ಪು ಕೊಡಿ" ಎಂದರು.

ಟೀಚರು ಗಂಡನ ಕಡೆ ತಿರುಗಿ ಕೇಳಿದರು: "ರೀ, ನಿಮ್ಮ ಸಾವಿರದ ಇನ್ನೂರು ಎಲ್ಲಿ ಹೋಯ್ತು?"

ಏಳು ವರ್ಷದಿಂದ ಗೂಡಿನಲ್ಲಿ ಒರಗಿದ್ದ ಕತ್ತಿ ಒರೆಯಿಂದ ಈಚೆ ಬಂತು.

ಸಾಹೇಬರು ಮನೆಯ ನಕ್ಷೆ ಬರೆದರು. ಒಂಬತ್ತು ಜಾಗಗಳಿಗೆ ಸುಣ್ಣದ ಗುರುತು ಹಾಕಿದರು. ಪ್ರತಿ ಜಾಗದಲ್ಲೂ ಒಂದೇ ಸ್ಟೂಲು, ಒಂದೇ ಎತ್ತರ, ಅದರ ಮೇಲೆ ಟ್ಯಾಬ್ಲೆಟ್ಟು. ಬೆಳಗ್ಗೆ, ಮಧ್ಯಾಹ್ನ, ಸಂಜೆ. ಪ್ರತಿ ಸಲ ಮೂರು ಅಳತೆ. ವೇಗ ಅಳೆಯುವ ಆ್ಯಪಿನ ಮುಳ್ಳು ಗಿರ್ರೆಂದು ಏರುವಾಗ ಉಸಿರು ಬಿಗಿಹಿಡಿಯುವರು. ತಟ್ಟೆಗೆ ಗಾಳಿ ಬೀಸಿದರೆ ತಕ್ಕಡಿ ಅಲ್ಲಾಡುತ್ತದಲ್ಲ, ಆ ಅಭ್ಯಾಸ. ಹೆಂಡತಿ ಸೀನಿದರೆ ಅಳತೆ ರದ್ದು. ನಾಲ್ಕು ದಿನದ ಕೊನೆಗೆ ಲೆಕ್ಕ ಸಿದ್ಧವಾಯಿತು. ಮುಂದಿನ ಕೋಣೆಯಲ್ಲಿ ನಲವತ್ತೊಂದು. ಅಡುಗೆಮನೆಯಲ್ಲಿ ಇಪ್ಪತ್ತಾರು. ಮಲಗುವ ಕೋಣೆಯಲ್ಲಿ ಹನ್ನೊಂದು, ಅದೂ ಒಮ್ಮೊಮ್ಮೆ ಮೂರಕ್ಕೆ ಇಳಿಯುತ್ತಿತ್ತು.

ಸಾವಿರದ ಇನ್ನೂರು ಎಂದು ಬರೆದು ಹನ್ನೊಂದು ಕೊಡುವುದು. ಮೂವತ್ತಮೂರು ವರ್ಷದಲ್ಲಿ ಇಂಥ ಭಂಡ ಧೈರ್ಯದ ಕಳ್ಳನನ್ನು ಸಾಹೇಬರು ಕಂಡಿರಲಿಲ್ಲ. ಎಣ್ಣೆಯಲ್ಲಿ ಕಾಲುಪಾವು ಕದ್ದವರು ಇವನ ಮುಂದೆ ಸಾಧುಗಳು. ಅವರ ಮುಖದಲ್ಲಿ ಸಿಟ್ಟಿತ್ತು ಎನ್ನುವುದಕ್ಕಿಂತ, ಮದುವೆಯ ಮನೆಯ ಕಳೆಯಿತ್ತು ಎನ್ನುವುದೇ ಸರಿ.

ಸೀದಾ ಮೂಲೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರು. ಅಂಗಡಿಯಾಕೆಗೆ ನಲವತ್ತರ ಆಸುಪಾಸು. ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿದು ಯಾವುದೋ ರೇಡಿಯೋದ ಹೊಟ್ಟೆ ಬಗೆಯುತ್ತಿದ್ದರು. ಸಾಹೇಬರು ಖಾಲಿ ಡಬ್ಬವನ್ನು ಗಾಜಿನ ಮೇಲಿಟ್ಟು, ಪಕ್ಕದಲ್ಲಿ ನಕ್ಷೆ ಹರಡಿದರು.

"ಇದೇನು ಸಾರ್, ಸೈಟ್ ತಗೊಂಡ್ರಾ?"

"ಮೋಸ ತಗೊಂಡೆ. ನಿನ್ನ ಹತ್ರಾನೇ. ಓದು."

ಅವರು ಓದಿದರು. ಹುಬ್ಬು ಮೇಲೆ ಹೋಯಿತು. "ಹನ್ನೊಂದಾ? ಅಷ್ಟು ಕಮ್ಮಿ ಬರಬಾರದಲ್ಲ. ಆದ್ರೆ ಸಾವಿರದ ಇನ್ನೂರೂ ಬರಲ್ಲ ಸಾರ್. ಡಬ್ಬದ ಮೇಲೆ 'ವರೆಗೆ' ಅಂತ ಇದೆ ನೋಡಿ."

ಸಾಹೇಬರು ಜೇಬಿನಿಂದ ಭೂತಗನ್ನಡಿ ತೆಗೆದರು. ಕೆಂಪು ೧೨೦೦ರ ಕಾಲಡಿಯಲ್ಲಿ, ಆನೆಯ ಪಾದದ ಕೆಳಗಿನ ಇರುವೆಯ ಹಾಗೆ, 'ವರೆಗೆ' ಎಂಬ ಪದ ನಿಜಕ್ಕೂ ಇತ್ತು.

"ವರೆಗೆ" ಎಂದರು ಸಾಹೇಬರು, ಬಾಯಿಗೆ ಕಲ್ಲು ಸಿಕ್ಕವರಂತೆ. "ನಾನು ನೂರು ವರ್ಷದವರೆಗೆ ಬದುಕ್ತೀನಿ ಅಂದು ನಾಳೆ ಹೋಗಿಬಿಟ್ರೆ ಸುಳ್ಳಾಗಲ್ಲ, ಅಲ್ವೇನಮ್ಮಾ?"

"ಅಷ್ಟು ಬೇಗ ಹೋಗೋ ಗಿರಾಕಿ ಅಲ್ಲ ಬಿಡಿ ನೀವು. ಪೆಟ್ಟಿಗೆ ಎಲ್ಲಿಟ್ಟಿದ್ದೀರ?"

"ಇಡಬೇಕಾದ ಜಾಗದಲ್ಲಿ. ಯಂತ್ರ ಕಾಪಾಡೋದು ನನಗೆ ನೀನು ಹೇಳಿಕೊಡಬೇಡ."

ಅಷ್ಟು ಹೇಳಿ ಹೊರಟವರು ಸೀದಾ ಪೇಟೆಯ ಗ್ರಾಹಕರ ದೂರು ಸಮಿತಿಗೆ ಹೋಗಿ, ಏಳು ಪುಟದ ದೂರು ಕೊಟ್ಟುಬಂದರು. ಸಮಿತಿಯ ಅಧ್ಯಕ್ಷರು ಒಬ್ಬ ಹಲ್ಲಿನ ಡಾಕ್ಟರು. ಶನಿವಾರ ನಾಲ್ಕು ಗಂಟೆಗೆ ವಿಚಾರಣೆ ಎಂದು ಅವರು ಚೀಟಿ ಬರೆದುಕೊಟ್ಟರು. ಸಾಹೇಬರು ಮನೆಗೆ ಬಂದು ಹಸಿರು ದಫ್ತರ ಬಿಚ್ಚಿ, ಏಳು ವರ್ಷದ ಮೇಲೆ ಹೊಸ ಸಾಲು ಬರೆದರು: ೪೧೩.

"ಆ ಹೆಣ್ಣುಮಗಳ ಅಂಗಡಿ ಹೆಸರು ಬೀದಿಗೆ ಬರುತ್ತಲ್ಲ ಪಾಪ" ಎಂದರು ಟೀಚರು.

"ತಪ್ಪು ಮಾಡಿದ್ರೆ ಬರಬೇಕು."

"ಮಾಡಿಲ್ದೆ ಇದ್ರೆ? ಕೇಸು ಬಿದ್ದುಹೋದ್ರೆ?"

"ನನ್ನ ಕೇಸು ಬೀಳಲ್ಲ."

"ಬಿದ್ರೆ ಅಂದೆ."

ಸಾಹೇಬರು ಪೆನ್ನಿನ ಟೋಪಿ ಹಾಕಿದರು. "ಒಂದು ಸಲ ತಪ್ಪು ತೂಗಿದ ತಕ್ಕಡಿಯ ಹಿಂದಿನ ತೂಕನೆಲ್ಲ ಯಾರೂ ನಂಬಲ್ಲ ಕಣೇ" ಎಂದರು. "ಇದು ಬಿದ್ರೆ ಆ ನಾನೂರ ಹನ್ನೆರಡೂ ಅದರ ಜೊತೆ ಬೀಳ್ತವೆ."

ಟೀಚರು ಆಮೇಲೆ ಕೆಣಕಲಿಲ್ಲ. ಗಂಡನ ಬಳಿ ಇದ್ದ ಆಸ್ತಿ ಎಷ್ಟೆಂದು ಅವರಿಗೆ ಗೊತ್ತಿತ್ತು. ಆ ದಫ್ತರವೇ ಅಷ್ಟೂ.

ಈಗ ಸಾಹೇಬರ ನ್ಯಾಯದ ಒಂದು ಅಂಶ ಹೇಳಬೇಕು. ಆಪಾದಿತನ ಕಣ್ಣೆದುರು ಇನ್ನೊಮ್ಮೆ ಅಳೆಯದೆ ಅವರು ಯಾವ ಕೇಸನ್ನೂ ನಡೆಸಿದವರಲ್ಲ. ಕಳ್ಳನೂ ತನ್ನ ಕಣ್ಣಿಂದ ಮುಳ್ಳು ನೋಡಬೇಕು ಎಂಬುದು ಅವರ ವ್ರತ. ಹಾಗಾಗಿ ಶುಕ್ರವಾರ ಹನ್ನೊಂದು ಗಂಟೆಗೆ ಬಂದು ಅಳತೆಗೆ ಸಾಕ್ಷಿಯಾಗಬೇಕೆಂದು ಅಂಗಡಿಯಾಕೆಗೆ ನೋಟೀಸು ಕಳಿಸಿದರು. ಹನ್ನೊಂದಕ್ಕೆ ಸರಿಯಾಗಿ ಅವರು ಬಂದರು, ಬಗಲಿಗೆ ಲ್ಯಾಪ್‌ಟಾಪಿನ ಚೀಲ ಹಾಕಿಕೊಂಡು.

ಟೀಚರು ಚಹಾ ತಂದರು. ಸಾಹೇಬರು ಆಪಾದಿತೆಯ ಜೊತೆ ಚಹಾ ಕುಡಿಯುವ ಪದ್ಧತಿ ಇಲ್ಲವೆಂದು ತಮ್ಮ ಲೋಟವನ್ನು ಕಿಟಕಿಯಲ್ಲಿಟ್ಟರು.

"ನಮ್ಮಪ್ಪನ ಜೊತೇನೂ ಕುಡಿದಿರಲಿಲ್ಲವಂತೆ" ಎಂದರು ಅಂಗಡಿಯಾಕೆ.

"ಯಾರಮ್ಮಾ ನಿಮ್ಮಪ್ಪ?"

"ಅದೇ ಅಂಗಡೀಲಿ ದಿನಸಿ ಇಟ್ಟಿದ್ದರಲ್ಲ ಸಾರ್. ಎಣ್ಣೆ ಪಾತ್ರೆ."

ಸಾಹೇಬರ ಕಣ್ಣು ಬೆಳಗಿತು. "ನೂರ ಹದಿನೇಳು. ತಳ ಒಳಕ್ಕೆ ತಟ್ಟಿದ ಲೀಟರು."

"ಅದೇ. ನಾನು ಆಗ ಗಲ್ಲಾ ಪಕ್ಕ ಕೂತು ಮಗ್ಗಿ ಬರೀತಿದ್ದೆ. ಅಪ್ಪ ಮಾಡಿದ್ದು ತಪ್ಪು ಸಾರ್, ಸಾಯೋವರೆಗೂ ಒಪ್ಪಿಕೊಂಡ್ರು. ಆಮೇಲೆ ಒಂದು ಹನಿ ಕಮ್ಮಿ ಹಾಕಲಿಲ್ಲ. ಆದ್ರೆ ನಾನು ಮಾಡಿಲ್ಲ. ಎಲ್ಲಿ, ಪೆಟ್ಟಿಗೆ ತೋರಿಸಿ."

ಸಾಹೇಬರು ಗಂಭೀರವಾಗಿ ಜೇಬಿನಿಂದ ಕೀಲಿಕೈ ತೆಗೆದರು. ಅಂಗಡಿಯಾಕೆ ಕೀಲಿಕೈ ನೋಡಿದರು. ಕೀಲಿಕೈ ಹೋದ ದಿಕ್ಕು ನೋಡಿದರು. ಅಲ್ಮೇರಾದ ಬೀಗ ಕಟಕ್ಕೆಂದಿತು, ಬಾಗಿಲು ಕಿರ್ರೆಂದಿತು, ಒಳಗಿನ ಕತ್ತಲೆಯಿಂದ ಬಿಸಿ ಗಾಳಿ ಒಂದು ಸಲ ಮುಖಕ್ಕೆ ಹೊಡೆಯಿತು. ಮಧ್ಯದ ಅರೆಯಲ್ಲಿ, ಮೆತ್ತನೆಯ ಹಾಸಿಗೆಯ ಮೇಲೆ, ಕಳವು ಮಾಡಿ ಜೈಲು ಸೇರಿದವನ ಹಾಗೆ ನಾಲ್ಕು ಕೊಂಬಿನ ಪೆಟ್ಟಿಗೆ ಕಣ್ಣು ಮಿಟುಕಿಸುತ್ತಾ ಕೂತಿತ್ತು.

ಅಂಗಡಿಯಾಕೆ ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ತುಟಿ ಕಚ್ಚಿಕೊಂಡರು. ಭುಜಗಳು ಮಾತ್ರ ಅವರ ಮಾತು ಕೇಳದೆ ಕುಣಿಯುತ್ತಿದ್ದವು.

"ಧೂಳು ಬೀಳಬಾರದಲ್ಲ" ಎಂದರು ಸಾಹೇಬರು. ಮೂವತ್ತಮೂರು ವರ್ಷದಲ್ಲಿ ಮೊದಲ ಸಲ ಅವರ ಧ್ವನಿ ಆಪಾದಿತನ ಧ್ವನಿಯಂತಿತ್ತು.

"ಸಾರ್, ನೀವು ಯಾರನ್ನಾದ್ರೂ ಕಬ್ಬಿಣದ ಪೆಟ್ಟಿಗೇಲಿ ಹಾಕಿ ಬೀಗ ಜಡಿದು, ಹಿಂದಿನ ಕೋಣೆಗೆ ಕೇಳೋ ಹಾಗೆ ಕೂಗು ಅಂದ್ರೆ ಅವರ ಗತಿ ಏನು? ಈ ಪೆಟ್ಟಿಗೆ ಮಾತಾಡೋದು ರೇಡಿಯೋ ಅಲೆಯಲ್ಲಿ. ಕಬ್ಬಿಣ ಅಂದ್ರೆ ಅದಕ್ಕೆ ಕೋಟೆ ಗೋಡೆ. ಆ ತಂತಿ ತೂತು, ಬಾಗಿಲ ಸಂದಿ ಇದ್ದದ್ದಕ್ಕೆ ಹನ್ನೊಂದಾದ್ರೂ ಬಂತು. ಮುಟ್ಟಿ ನೋಡಿ, ಇಸ್ತ್ರಿ ಮಾಡಬಹುದು."

ಟೀಚರು ಬಾಗಿಲಿಗೆ ಒರಗಿ ನಿಂತಿದ್ದರು. "ಗುಲಗಂಜಿಗೆ ತನ್ನ ಕಪ್ಪು ಕಾಣಲ್ಲ ಅಂತಾರೆ" ಎಂದು ಗೋಡೆಗೆ ಹೇಳಿ, ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದರು. ಅಡುಗೆಮನೆಯಿಂದ ಅವರ ನಗು ಬಹಳ ಹೊತ್ತು ಪಾತ್ರೆಗಳ ಜೊತೆ ಸೇರಿ ಕೇಳಿಸುತ್ತಿತ್ತು.

ಪೆಟ್ಟಿಗೆ ಮತ್ತೆ ಪುಸ್ತಕದ ಹಲಗೆಯ ಮೇಲೆ ಬಂತು. ಸ್ಟೂಲು ಬಂತು. ಒಂಬತ್ತು ಜಾಗ, ಮೂರು ಮೂರು ಸಲ. ಮುಂದಿನ ಕೋಣೆಯಲ್ಲಿ ಇನ್ನೂರ ಎಂಬತ್ತನಾಲ್ಕು. ಅಡುಗೆಮನೆಯಲ್ಲಿ ನೂರ ತೊಂಬತ್ತು. ಎರಡು ಗೋಡೆ ದಾಟಿದ ಮಲಗುವ ಕೋಣೆಯಲ್ಲಿ ಎಂಬತ್ತಾರು. ಸೇನಾಪತಿ ಕತ್ತಿ ಎತ್ತಿ ಇಳಿಸಿ, ಒರೆಸಿ ಇಟ್ಟರೂ ಧ್ವನಿ ಕಡಿಯದಷ್ಟು.

ಆದರೆ ಸಾಹೇಬರು ಪೂರ್ತಿ ಸೋತವರಲ್ಲ. "ಸರಿ. ಅಲ್ಮೇರಾ ನನ್ನ ತಪ್ಪು. ಆದರೂ ಎಂಬತ್ತಾರು ಸಾವಿರದ ಇನ್ನೂರು ಆಗಲ್ಲ. ಪೆಟ್ಟಿಗೆಯ ಮೂಗಿನ ಮುಂದೆ ನಿಂತರೂ ಇನ್ನೂರ ಎಂಬತ್ತನಾಲ್ಕೇ. ಉಳಿದಿದ್ದು ಯಾರು ತಿಂದರು?"

ಅಂಗಡಿಯಾಕೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಅಪ್ಪನ ಅಂಗಡೀಲಿ ಮೂಟೆ ತೂಗೋ ಯಂತ್ರ ಇತ್ತು. ಅದರ ಮೇಲೆ ನಿಮ್ಮ ಇಲಾಖೆಯವರೇ ಹೊಡೆಸಿದ ತಗಡು: ಗರಿಷ್ಠ ನೂರು ಕಿಲೋ. ಅದರ ಮೇಲೆ ನಾನು ಎರಡು ಕಿಲೋ ಈರುಳ್ಳಿ ಇಟ್ಟರೆ ನೂರು ತೋರಿಸಬೇಕಿತ್ತಾ?"

ಸಾಹೇಬರು ಅವರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ನಿಮ್ಮ ಮನೆ ತಂತಿಯಲ್ಲಿ ಬರೋದೇ ಮುನ್ನೂರು ಸಾರ್. ನೀವು ತಗೊಂಡಿರೋ ಪ್ಲಾನು ಅಷ್ಟೇ. ಪೆಟ್ಟಿಗೆ ಎಷ್ಟು ದೊಡ್ಡದಾದ್ರೇನು, ಬಾವೀಲಿ ಇಲ್ಲದ ನೀರು ಕೊಡಕ್ಕೆ ಎಲ್ಲಿಂದ ಬರುತ್ತೆ? ಆ ಡಬ್ಬದ ಅಂಕಿ ಪೆಟ್ಟಿಗೆಯ ಗರಿಷ್ಠ. ನಿಮಗೆ ಬರೋ ತೂಕ ಅಲ್ಲ."

"ಹಾಗಾದ್ರೆ ತಂತಿ ಬಿಡು. ಈ ಮನೆ ಒಳಗೇ, ಪೆಟ್ಟಿಗೆಯಿಂದ ಟ್ಯಾಬ್ಲೆಟ್ಟಿಗೆ ಸಾವಿರದ ಇನ್ನೂರು ಹೋಗುತ್ತಾ?"

ಪ್ರಶ್ನೆ ನೆಟ್ಟಗೆ ಗುರಿಗೆ ತಾಗಿತು. ಅಂಗಡಿಯಾಕೆ ತಲೆ ಕೆರೆದುಕೊಂಡರು. "ಇಲ್ಲ. ಅಲ್ಲಿ ನಿಮ್ಮ ಮಾತು ಸರಿ."

ಲ್ಯಾಪ್‌ಟಾಪನ್ನು ತಂತಿಯಿಂದ ಪೆಟ್ಟಿಗೆಗೆ ಕಟ್ಟಿ, ಅಲ್ಲಿಂದ ಟ್ಯಾಬ್ಲೆಟ್ಟಿಗೆ ಒಂದು ದೊಡ್ಡ ಕಡತ ಕಳಿಸಿ, ಮನೆಯೊಳಗಿನ ವೇಗವನ್ನೇ ಅಳೆದು ತೋರಿಸಿದರು. ಪೆಟ್ಟಿಗೆಯ ಎದುರಿಗೇ ಕೂತರೂ ಐನೂರ ಹತ್ತು. ಸಾಹೇಬರು ಮೂರು ಸಲ ಅಳೆಸಿದರು. ಐನೂರರ ಆಚೆ ಈಚೆಯೇ. ಅಂಗಡಿಯಾಕೆ ಬಿಡಿಸಿ ಹೇಳಿದರು. ಪೆಟ್ಟಿಗೆಯೊಳಗೆ ಎರಡು ದಾರಿ ಇವೆ: ನಿಧಾನವಾದರೂ ಗೋಡೆ ದಾಟುವುದು ಒಂದು, ಜೋರಾಗಿ ಓಡಿ ಗೋಡೆ ಕಂಡರೆ ಏದುಸಿರು ಬಿಡುವುದು ಇನ್ನೊಂದು. ಒಂದಕ್ಕೆ ಸುಮಾರು ಮುನ್ನೂರು, ಇನ್ನೊಂದಕ್ಕೆ ಸುಮಾರು ಒಂಬೈನೂರು; ಎರಡನ್ನೂ ಕೂಡಿಸಿ ಡಬ್ಬದ ಮೇಲೆ ಹೊಡೆದಿದ್ದಾರೆ. ಟ್ಯಾಬ್ಲೆಟ್ಟು ನಡೆಯುವುದು ಒಂದು ಸಲಕ್ಕೆ ಒಂದೇ ದಾರಿಯಲ್ಲಿ. ಆ ಒಂಬೈನೂರರಲ್ಲೂ ಅರ್ಧದ ಹತ್ತಿರ ಮರ್ಯಾದೆಗೇ ಖರ್ಚು. 'ಮಾತಾಡಲಾ?' 'ಮಾತಾಡು.' 'ಕೇಳಿಸಿತಾ?' 'ಕೇಳಿಸಿತು.' ಪ್ರತಿ ತುಂಡಿಗೂ ಈ ಸಂಭಾಷಣೆ. ಒಬ್ಬರು ಮಾತಾಡುವಾಗ ಉಳಿದವರು ಬಾಯಿ ಮುಚ್ಚಿಕೊಂಡು ಕಾಯಬೇಕು, ಪಕ್ಕದ ಮನೆಯ ಪೆಟ್ಟಿಗೆಗಳ ಗದ್ದಲ ಬೇರೆ.

"ನಿಲ್ಲು" ಎಂದರು ಸಾಹೇಬರು. ಅವರು ಎದ್ದು ನಿಂತಿದ್ದರು. ಕಣ್ಣು ಹೊಳೆಯುತ್ತಿತ್ತು. "ಬಿಸ್ಕತ್ತಿನ ತಗಡಿನ ಡಬ್ಬ ತೂಗಿದರೆ ಬಿಸ್ಕತ್ತು, ಕಾಗದ, ತಗಡು, ಮುಚ್ಚಳ ಎಲ್ಲ ಸೇರಿ ಬರೋದು ಒಟ್ಟು ತೂಕ. ಅದೆಲ್ಲ ಕಳೆದು ತಿನ್ನೋಕೆ ಸಿಗೋದು ನಿವ್ವಳ. ನಿವ್ವಳ ಬರೀದೆ ಪೊಟ್ಟಣ ಮಾರಿದ್ರೆ ನಾನು ಕೇಸು ಹಾಕ್ತಿದ್ದೆ. ಇವರು ಎರಡು ಡಬ್ಬದ ಒಟ್ಟು ತೂಕ ಕೂಡಿಸಿ ಬರೆದಿದ್ದಾರೆ. ತಗಡು ಸಮೇತ."

"ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಇದನ್ನೇ ಹೇಳೋಕೆ ಒದ್ದಾಡ್ತಿದ್ದೀನಿ ಸಾರ್. ಒಟ್ಟು, ನಿವ್ವಳ. ಎಷ್ಟು ಸಲೀಸು."

ಇಬ್ಬರೂ ಒಂದು ಕ್ಷಣ ಒಂದೇ ಪಕ್ಷದವರಂತೆ ನಕ್ಕರು. ಆಮೇಲೆ ಸಾಹೇಬರಿಗೆ ನಾಳೆ ಶನಿವಾರ ಎಂಬುದು ನೆನಪಾಯಿತು. ನಗು ಅರ್ಧದಲ್ಲಿ ನಿಂತಿತು, ಟೀಚರ ಓದಿನ ಹಾಗೆ.

ಅಂಗಡಿಯಾಕೆ ಅದನ್ನು ಗಮನಿಸಿದರು. ಚೀಲ ಬಗಲಿಗೆ ಹಾಕಿಕೊಳ್ಳುತ್ತಾ ಹೇಳಿದರು: "ನಾಳೆ ನೀವು ದೂರು ವಾಪಸ್ ಅಂತ ಎರಡು ಸಾಲು ಬರೆದುಕೊಡಿ ಸಾರ್. ವಾಪಸ್ ತಗೊಂಡ ಕೇಸು ಬಿದ್ದ ಹಾಗಲ್ಲ. ಅಲ್ಮೇರಾ ವಿಷಯ ಈ ಮನೆ ದಾಟಲ್ಲ. ನನ್ನ ಮಾತು, ನಿವ್ವಳ."

ಅವರು ಹೋದರು. ಸಾಹೇಬರು ದಫ್ತರ ಬಿಚ್ಚಿಕೊಂಡು ಕೂತರು. ೪೧೩ರ ಮುಂದಿನ ಖಾಲಿ ಅಂಕಣ ಅವರನ್ನೇ ನೋಡುತ್ತಿತ್ತು. 'ವಾಪಸ್' ಎಂದು ಬರೆದರೆ ಮುಗಿಯಿತು. ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಸುಳ್ಳೂ ಅಲ್ಲ. ಅದರ ಪಕ್ಕದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಏನನ್ನಾದರೂ ಬರೆದರೂ ಆಯಿತು.

ಇರುವೆಯಷ್ಟು ಸಣ್ಣ ಅಕ್ಷರ ಎಂದಾಗ ಅವರಿಗೆ 'ವರೆಗೆ' ಕಣ್ಣಿಗೆ ಕಟ್ಟಿತು. ದಫ್ತರವನ್ನು ಪಟ್ಟನೆ ಮುಚ್ಚಿದರು.

ಶನಿವಾರ ನಾಲ್ಕು ಗಂಟೆಗೆ ಸಮಿತಿಯ ಕೋಣೆಯಲ್ಲಿ ಒಂದು ಉದ್ದದ ಮೇಜು, ಹನ್ನೆರಡು ಮಡಿಸುವ ಕುರ್ಚಿ, ಅಷ್ಟೂ ಭರ್ತಿ. ಗುಲಗಂಜಿ ಸಾಹೇಬರು ಮತ್ತೆ ಕೇಸು ಹಾಕಿದ್ದಾರೆಂಬ ಸುದ್ದಿ ಹರಡಿ, ಹಿಂದೆ ಅವರಿಂದ ದಂಡ ಕಟ್ಟಿದ ನಾಲ್ಕಾರು ವ್ಯಾಪಾರಿಗಳು ಹಳೆಯ ಸೇನಾಧಿಪತಿಯ ಯುದ್ಧ ನೋಡಲು ಬಂದಿದ್ದರು. ಹಲ್ಲಿನ ಡಾಕ್ಟರು, "ದೂರುದಾರರು ಹೇಳಬಹುದು" ಎಂದರು.

ಸಾಹೇಬರು ಎದ್ದು ಕನ್ನಡಕ ಏರಿಸಿ, ಹೊಸದಾಗಿ ಬರೆದು ತಂದ ಹಾಳೆ ಓದಿದರು.

"ಶುಕ್ರವಾರ ಹನ್ನೊಂದು ಗಂಟೆಗೆ ಸಾಕ್ಷಿಯ ಎದುರು ಅಳತೆ ನಡೆಯಿತು. ಆಗ ಕಂಡುಬಂದದ್ದು ಏನೆಂದರೆ, ಸದರಿ ವೈಫೈ ಪೆಟ್ಟಿಗೆಯನ್ನು ದೂರುದಾರನೇ ಕಬ್ಬಿಣದ ಅಲ್ಮೇರಾದಲ್ಲಿಟ್ಟು ಬೀಗ ಹಾಕಿದ್ದ. ಅಲ್ಮೇರಾದ ಹೊರಗೆ ಪೆಟ್ಟಿಗೆ ಸರಿಯಾಗಿ ಕೆಲಸ ಮಾಡುತ್ತದೆ. ಅಂಗಡಿಯಾಕೆಯ ತಪ್ಪಿಲ್ಲ. ದೂರುದಾರ ಅಳೆಯುವ ಮೊದಲು ತನ್ನ ಸಾಧನವನ್ನು ತಪಾಸಣೆ ಮಾಡಿಕೊಳ್ಳಲಿಲ್ಲ."

ಹಿಂದಿನ ಸಾಲಿನ ಬಟ್ಟೆ ವ್ಯಾಪಾರಿಯೊಬ್ಬ, "ಬೀಗ ಬೇರೆ ಹಾಕಿದ್ರಾ?" ಎಂದು ಮೆಲ್ಲಗೆ ಕೇಳಿದ. ಅಷ್ಟಕ್ಕೆ ಕೋಣೆಯೇ ಬಿರಿಯುವಂತೆ ನಗು ಎದ್ದಿತು. ಸಾಹೇಬರು ಕಿವಿಯವರೆಗೆ ಕೆಂಪಾದರು, ಹೆಸರಿಗೆ ತಕ್ಕಂತೆ. ಆದರೆ ಕೂರಲಿಲ್ಲ.

ನಗು ಇಳಿದ ಮೇಲೆ ಡಾಕ್ಟರು ಪೆನ್ನು ಹಿಡಿದು ಕೇಳಿದರು: "ಏನು ಬರೀಲಿ ಸಾಹೇಬ್ರೇ? ವಾಪಸ್ ಅಂತ ಬರೀಲಾ?"

"ಬಿತ್ತು ಅಂತ ಬರೀರಿ."

"ವಾಪಸ್ ಅಂದ್ರೂ ನಡೆಯುತ್ತೆ…"

"ಬಿತ್ತು. ದಪ್ಪ ಅಕ್ಷರದಲ್ಲಿ."

ಹಿಂದಿನ ಸಾಲಿನಲ್ಲಿ ಬಟ್ಟೆ ವ್ಯಾಪಾರಿ ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು: "ನನಗೆ ಹಾಕಿದ ಕೇಸೂ ಸುಳ್ಳೇನೋ ಅಂತ ಎಷ್ಟೋ ಸಲ ಅಂದ್ಕೊಂಡಿದ್ದೆ ಕಣೋ. ಇಲ್ಲ ಬಿಡು. ಈ ಮನುಷ್ಯ ತನಗೇ ಬಿಟ್ಟಿಲ್ಲ."

ಸಾಹೇಬರಿಗೂ ಕೇಳಿಸಿತು. ಅವರು ಕನ್ನಡಕ ತೆಗೆದು ಒರೆಸಿದರು. ಕನ್ನಡಕದಲ್ಲಿ ಧೂಳು ಇರಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರು ಜೇಬಿನಿಂದ ಇನ್ನೊಂದು ಹಾಳೆ ತೆಗೆದರು. ದೂರಲ್ಲ, ಒಂದು ಸೂಚನೆ. ಪೆಟ್ಟಿಗೆ ಮಾಡುವ ಕಂಪನಿಗಳ ಕೆಂಪು ಅಂಕಿಯನ್ನು ಅಳಿಸುವ ಶಕ್ತಿ ಈ ಕೋಣೆಗಿಲ್ಲ. ಆದರೆ ನಮ್ಮ ಪೇಟೆಯಲ್ಲಿ ಮಾರುವಾಗ ಡಬ್ಬದ ಮೇಲೆ ಒಂದು ಚೀಟಿ ಅಂಟಿಸಬಹುದಲ್ಲ: ಒಟ್ಟು ಇಷ್ಟು, ಎದುರಿಗೆ ಕೂತರೆ ನಿವ್ವಳ ಇಷ್ಟು, ಎರಡು ಗೋಡೆ ದಾಟಿದರೆ ಇಷ್ಟು, ನಿಮ್ಮ ತಂತಿಯಲ್ಲಿ ಬರುವುದಕ್ಕಿಂತ ಹೆಚ್ಚು ಎಲ್ಲಿಯೂ ಬರದು.

"ನಾನು ತಯಾರು" ಎಂದರು ಅಂಗಡಿಯಾಕೆ. "ಆದ್ರೆ ಅಳೆಯೋರು ಯಾರು? ನಾನೇ ಅಳೆದು ನಾನೇ ಅಂಟಿಸಿದ್ರೆ ಜನ ನಂಬ್ತಾರಾ, ಅದೂ ಎಣ್ಣೆ ಪಾತ್ರೆಯವರ ಮಗಳನ್ನ?"

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು.

ಡಾಕ್ಟರು ಮಾತ್ರ ಮೇಜಿನ ಮೇಲೆ ಬಾಗಿ, ಧ್ವನಿ ತಗ್ಗಿಸಿ ಕೇಳಿದರು: "ಸಾಹೇಬ್ರೇ, ನನ್ನ ಕ್ಲಿನಿಕ್ಕಿನಲ್ಲೂ ವೈಫೈ ಸರಿಯಾಗಿ ಬರಲ್ಲ. ಯಾರೂ ಮುಟ್ಟಬಾರದು ಅಂತ ಎಕ್ಸ್‌ರೇ ಕೋಣೆ ಒಳಗೆ ಇಟ್ಟಿದ್ದೀನಿ. ಆ ಗೋಡೆಗೆಲ್ಲ ಸೀಸದ ತಗಡು. ಅದೂ ಕಬ್ಬಿಣದ ಹಾಗೇನಾ?"

ಸೋಮವಾರ ಬೆಳಗ್ಗೆ ಗುಲಗಂಜಿ ಸಾಹೇಬರ ಸೈಕಲ್ಲಿನ ಗಂಟೆ ಏಳು ವರ್ಷದ ಮೇಲೆ ಪೇಟೆಯಲ್ಲಿ ಕೇಳಿಸಿತು. ಹಿಂದಿನ ಕ್ಯಾರಿಯರಿನಲ್ಲಿ ಸ್ಟೂಲು ಕಟ್ಟಿತ್ತು. ಎರಡು ಅಂಗಡಿಯ ತಕ್ಕಡಿಗಳು ಅಭ್ಯಾಸಬಲದಿಂದ ಸಮವಾಗಿ ನಿಂತವು.

ಟೀಚರ ಓದು ಈಗ ಎಲ್ಲಿಯೂ ಕಡಿಯುವುದಿಲ್ಲ. ಕೋಟೆಯ ಅಧ್ಯಾಯವನ್ನು ಅವರು ಮೊದಲಿನಿಂದ ಮತ್ತೆ ಓದಿದರು. ರಾಜ ಸತ್ತಿರಲಿಲ್ಲ, ಸೇನಾಪತಿ ಕತ್ತಿ ಎತ್ತಿದ್ದು ಅದನ್ನು ರಾಜನ ಪಾದಕ್ಕೆ ಒಪ್ಪಿಸಲು. ಪೋಸ್ಟ್‌ಮನ್ ಸಂಜೆ ಫೋನು ಮಾಡಿದರು. "ತಂಗಿ ಗೆದ್ದಳು ಮೇಡಂ, ಮಾತು ಶುರುವಾಯ್ತು. ಆದ್ರೂ ಹೇಳ್ತೀನಿ, ಆ ನಾಲ್ಕು ನಿಮಿಷದಲ್ಲಿ ನಾನು ಮಾಡಿಕೊಂಡ ಯುದ್ಧ ಇದಕ್ಕಿಂತ ಜೋರಾಗಿತ್ತು."

ಕಬ್ಬಿಣದ ಅಲ್ಮೇರಾದಲ್ಲಿ ಈಗ ಹಸಿರು ದಫ್ತರ ಒಂದೇ ಇದೆ, ಬೀಗವಿಲ್ಲದೆ. ಮನೆಗೆ ಬಂದವರಿಗೆ ಸಾಹೇಬರು ಅದನ್ನು ಈಗಲೂ ನೀರಿಗಿಂತ ಮೊದಲೇ ಕೊಡುತ್ತಾರೆ. ಆದರೆ ಬಿಚ್ಚಿಕೊಡುವುದು ಮೊದಲ ಪುಟವನ್ನಲ್ಲ, ಕೊನೆಯದನ್ನು. ಅಲ್ಲಿ ಕೆಂಪು ಶಾಯಿಯಲ್ಲಿ, ಬೀದಿಯ ಆಚೆಯಿಂದಲೂ ಓದಬಹುದಾದಷ್ಟು ದೊಡ್ಡದಾಗಿ, 'ಬಿತ್ತು' ಎಂದಿದೆ.